ಇಳಿಯದ ಕೈ

ನನ್ನ ಗಂಡನಿಗೆ ಅಂಗಿ ತೊಡಿಸುವುದಕ್ಕೆ ಈಗ ಏಳೆಂಟು ನಿಮಿಷ ಸಾಕು. ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಎಡಗೈಯನ್ನು ತೋಳಿಗೆ ತೂರಿಸಿ, ಬೆನ್ನ ಹಿಂದಿನಿಂದ ಬಟ್ಟೆ ಎಳೆದು ತಂದು, ಮೇಲಕ್ಕೆತ್ತಿರುವ ಬಲಗೈಗೆ ಸುತ್ತಿ, ಭುಜದಿಂದ ಮಣಿಕಟ್ಟಿನವರೆಗೆ ಒಂಬತ್ತು ಗುಂಡಿ ಹಾಕಬೇಕು. ಕೊನೆಯ ಮೂರಕ್ಕೆ ನಾನು ಸ್ಟೂಲು ಹತ್ತಬೇಕು. ಅವರು ಎತ್ತರದ ಆಳು, ನಾನು ಗಿಡ್ಡಿ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. "ಹಾಲು, ಹಾಲು" ಅಂತ ಅವರು ಕೈ ಎತ್ತಿಕೊಂಡೇ ಕೂಗುತ್ತಾರೆ. ನೋಡಿದವರು ಇವರೇನೋ ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು.

ನಮ್ಮ ಊರಿನ ಚರ್ಚಿನಲ್ಲಿ ಹನ್ನೊಂದು ಮಂದಿ ಹಿರಿಯರು. ಅವರು ಒಂದು ಠರಾವಿಗೆ ಕೈ ಎತ್ತಿದರೆ, ಆ ಠರಾವು ನಡೆದು ಮುಗಿಯುವ ತನಕ ಕೈ ಕೆಳಗೆ ಬರುವುದಿಲ್ಲ. ನನ್ನ ಅಜ್ಜನ ಕಾಲಕ್ಕೂ ಹೀಗೇ ಇತ್ತು. ಗೋಡೆಗೆ ಸುಣ್ಣ ಹೊಡೆಸುವ ಠರಾವಾದರೆ ನಾಲ್ಕು ದಿನ. ಹೊಸ ಚಾಪೆ ತರಿಸುವುದಾದರೆ ಮಧ್ಯಾಹ್ನದೊಳಗೆ ಕೈ ಕೆಳಗೆ. ಗೋಪುರಕ್ಕೆ ಗಡಿಯಾರ ಹಾಕಿಸಬೇಕೆಂದು ಒಮ್ಮೆ ಎತ್ತಿದ್ದರಂತೆ. ಗಡಿಯಾರ ಬರಲೇ ಇಲ್ಲ, ನಾಲ್ಕು ಜನ ಹಿರಿಯರು ಎತ್ತಿದ ಕೈಯಲ್ಲೇ ತೀರಿಕೊಂಡರು. ಪೆಟ್ಟಿಗೆ ಮಾಡುವ ಬಡಗಿ ಇವತ್ತಿಗೂ ಯಾರಾದರೂ ಹಿರಿಯರು ಸತ್ತರೆ, "ಅಳತೆ ಕೈ ಸೇರಿಸಿಯೋ, ಬಿಟ್ಟೋ?" ಅಂತ ಕೇಳುತ್ತಾನೆ. ಅದಕ್ಕೇ ನಮ್ಮ ಹಿರಿಯರು ಕೈ ಎತ್ತುವ ಮುಂಚೆ ಹತ್ತು ಸಲ ಯೋಚಿಸುತ್ತಾರೆ, ಬಾಗಿಲಿಗೆ ಹೊಸ ಬೀಗ ಹಾಕಿಸುವುದಕ್ಕೂ ಮೂರು ತಿಂಗಳು ಮಾತಾಡುತ್ತಾರೆ.

ಹೆಂಗಸರಿಗೆ ಕೈ ಎತ್ತುವ ಹಕ್ಕಿಲ್ಲ. ನನ್ನ ಅತ್ತೆ ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ ಆಗಿನ ಪಾದ್ರಿ ಅಯ್ಯನವರು, "ನಿಮಗೆ ಎರಡು ಕೈಯೂ ಬೇಕಲ್ಲಮ್ಮಾ" ಅಂದಿದ್ದರಂತೆ. ಅದೇನೋ ನಿಜವೇ. ಎತ್ತಿದವರಿಗೆ ಉಣ್ಣಿಸಲಿಕ್ಕೆ ಯಾರದಾದರೂ ಎರಡು ಕೈ ಬಿಡುವಾಗಿರಬೇಕಲ್ಲ.

ನಮಗೆ ಒಬ್ಬನೇ ಮಗ, ಸಿಲಾಸ್. ಮೂವತ್ತನಾಲ್ಕು ವರ್ಷ. ಹನ್ನೆರಡನೆಯ ವಯಸ್ಸಿನಿಂದ ಚರ್ಚಿನ ಆರ್ಗನ್ ಅವನೇ ನುಡಿಸುತ್ತಿದ್ದ. ಆರು ವರ್ಷದಿಂದ ಪೇಟೆ ಬೀದಿಯ ಟೈಲರ್ ಅಮೋಸನ ಜೊತೆ, ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇದ್ದಾನೆ. ಅವರಿಬ್ಬರು ಏನು ಅಂತ ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕ್ರಿಸ್ಮಸ್ಸಿಗೆ ಅಮೋಸ್ ಎಲ್ಲರ ಮನೆ ಮಕ್ಕಳಿಗೂ ಅಂಗಿ ಹೊಲಿದ. ಸಿಲಾಸ್ ಎಲ್ಲರ ಮದುವೆಗೂ ಆರ್ಗನ್ ನುಡಿಸಿದ. ನಾನು ಶನಿವಾರ ಮಾಡುವ ಕೋಳಿ ಸಾರಿನಲ್ಲಿ ಅರ್ಧ ಆ ಎರಡು ಕೋಣೆಗೆ ಹೋಗುತ್ತಿತ್ತು. ನನ್ನ ಗಂಡ ಎಬೆನೇಜರ್, ಸರ್ಕಾರಿ ಶಾಲೆಯ ಮೇಷ್ಟ್ರು, ಆ ಡಬ್ಬಿಯನ್ನು ತಾವೇ ಸೈಕಲ್ಲಿಗೆ ನೇತುಹಾಕಿಕೊಂಡು ಹೋಗಿ ಅಂಗಡಿಯ ಕಟ್ಟೆಯ ಮೇಲಿಟ್ಟು, ಬೆಲ್ ಬಾರಿಸಿ, ಹಿಂತಿರುಗಿ ನೋಡದೆ ಬರುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಡಬ್ಬಿ ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ.

ಹೋದ ವರ್ಷ ಈಸ್ಟರ್ ಕಳೆದ ಎರಡನೆಯ ಭಾನುವಾರ ಬಿಷಪ್ಪರು ಬಂದರು. ನಮ್ಮ ಬಿಷಪ್ಪರು ಬಯ್ಯುವವರಲ್ಲ. ಮೆಲ್ಲಗೆ ಮಾತಾಡುತ್ತಾರೆ, ನಗುತ್ತಾ ಮಾತಾಡುತ್ತಾರೆ, ಎರಡೂ ಕೈಯನ್ನು ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು ಮಾತಾಡುತ್ತಾರೆ. ಆರಾಧನೆ ಮುಗಿದ ಮೇಲೆ ಹಿರಿಯರನ್ನು ಕೂರಿಸಿಕೊಂಡು ಒಂದು ಕಾಗದ ಓದಿದರು. ನಾನು ಪಕ್ಕದ ಕೋಣೆಯಲ್ಲಿ ಚಹಾ ಸೋಸುತ್ತಿದ್ದೆ. ಗಂಡು ಗಂಡು, ಹೆಣ್ಣು ಹೆಣ್ಣು ಸಂಸಾರ ಮಾಡಿಕೊಂಡಿರುವವರನ್ನು ಕರ್ತನ ಭೋಜನದ ಮೇಜಿನಿಂದ ತಿರುಗಿಸಿ ಕಳಿಸತಕ್ಕದ್ದು, ಆರಾಧನೆಯ ಯಾವ ಸೇವೆಯಲ್ಲೂ ಸೇರಿಸತಕ್ಕದ್ದಲ್ಲ ಅಂತ ಕಾಗದದಲ್ಲಿತ್ತು. ಎಲ್ಲ ಊರಿನ ಚರ್ಚುಗಳೂ ಒಪ್ಪಿವೆ, ನಿಮ್ಮದೊಂದೇ ಬಾಕಿ, ಇದು ಯಾರೊಬ್ಬರ ಮೇಲಿನ ಹಗೆಯಿಂದಲ್ಲ ಅಂತ ಬಿಷಪ್ಪರು ಅಂದರು. ನಮ್ಮ ಚರ್ಚಿನಲ್ಲಿ ಅಂಥವರು ಇಬ್ಬರೇ. ಯಾರೊಬ್ಬರ ಮೇಲೂ ಅಲ್ಲವಂತೆ.

ಬಾಗಿಲ ಸಂದಿಯಿಂದ ನೋಡಿದೆ. ಕಾರ್ಯದರ್ಶಿ ಗಮಲಿಯೇಲಪ್ಪನವರ ಕೈ ಮೊದಲು ಮೇಲೆ ಹೋಯಿತು. ಬೀಗಕ್ಕೆ ಮೂರು ತಿಂಗಳು ಯೋಚಿಸುವವರು ಇದಕ್ಕೆ ಮೂರು ನಿಮಿಷವೂ ತೆಗೆದುಕೊಳ್ಳಲಿಲ್ಲ. ನನ್ನವರು ಬಗ್ಗಿ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡರು. ಕಿಟಕಿ ನೋಡಿದರು. ಕನ್ನಡಕ ಒರೆಸಿದರು. ಹತ್ತು ಕೈ ಮೇಲಿದ್ದವು. ಬಿಷಪ್ಪರು ನಗುತ್ತಾ ಇವರನ್ನೇ ನೋಡುತ್ತಿದ್ದರು. ಆಮೇಲೆ ಇವರ ಕೈಯೂ ಹೋಯಿತು. ಬಿಷಪ್ಪರು ಮಾತ್ರ ಎತ್ತಲಿಲ್ಲ. ಬಿಷಪ್ಪರು ಎತ್ತುವುದಿಲ್ಲ, ಎತ್ತಿಸುತ್ತಾರೆ. ಎರಡು ಕೈಯಲ್ಲೂ ಚೆನ್ನಾಗಿ ಹಿಡಿದುಕೊಂಡು ನನ್ನ ಚಹಾ ಕುಡಿದು, ಸಕ್ಕರೆ ಹದವಾಗಿದೆ ಅಂದು ಹೋದರು.

ಮನೆಗೆ ಬಂದಾಗ ನನ್ನವರು ಬಾಗಿಲ ಚೌಕಟ್ಟಿಗೆ ಕೈ ತಗುಲದಂತೆ ಮೊಣಕಾಲು ಮಡಿಸಿ ಒಳಗೆ ಬಂದರು. ನಾನು ಅನ್ನ ಬಡಿಸಿ ಮುಂದೆ ಕೂತೆ.

"ಯಾವುದಕ್ಕೆ ಎತ್ತಿದ್ರಿ?"

"ನಿನಗೆ ಗೊತ್ತಲ್ಲ."

"ನಿಮ್ಮ ಬಾಯಿಂದ ಕೇಳ್ಬೇಕು."

ಎಡಗೈಯಲ್ಲಿ ತಟ್ಟೆ ಸರಿಸಿದರು. "ಎಲ್ಲರೂ ಎತ್ತಿದ್ರು ಸಲೋಮಿ. ನಾನೊಬ್ಬ ಎತ್ತದಿದ್ರೆ, ಮಗನಿಗೋಸ್ಕರ ಅಂತಾರೆ."

"ಅಂದ್ರೆ ಏನಂತೆ? ಮಗ ಅಲ್ವಾ?"

ಅವರು ತಟ್ಟೆಯ ಕಡೆ ಬಗ್ಗಿದರು. ಎಡಗೈಯಲ್ಲಿ ಉಣ್ಣಲು ಹೇಸಿಗೆ, ಚಮಚ ಹಿಡಿಯಲು ಬಾರದು. ಉಪವಾಸ ಬೀಳಲಿ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಸಾರು ಆರುತ್ತಿತ್ತು. ನಾನೇ ಕಲಸಿ ತುತ್ತು ಮಾಡಿ, "ಬಾಯಿ ತೆಗೀರಿ" ಅಂದೆ. ತೆಗೆದರು. ನನ್ನನ್ನು ತಾಳ್ಮೆಯವಳು ಅನ್ನುತ್ತಾರೆ ಊರಲ್ಲಿ. ನಾನು ಪಾತ್ರೆ ಕುಕ್ಕುವ ಸದ್ದು ಅವರ ಮನೆಗಳಿಗೆ ಕೇಳುವುದಿಲ್ಲ.

ಮರುದಿನ ಇವರು ಶಾಲೆಗೆ ಹೋದರೆ ಮಕ್ಕಳು, "ಮೇಷ್ಟ್ರೇ, ನಿಮಗೇನೋ ಕೇಳ್ಬೇಕಾ?" ಅಂದವಂತೆ. ಕರಿಹಲಗೆಯ ಮೇಲ್ತುದಿಯ ಒಂದು ಸಾಲು ಬಿಟ್ಟು ಬೇರೆಲ್ಲೂ ಬರೆಯಲಾಗದು. ಭಾಗಾಕಾರ ಕಲಿಸುವುದನ್ನೇ ಬಿಟ್ಟರು, ಅದು ಕೆಳಕ್ಕೆ ಇಳಿಯುವ ಲೆಕ್ಕ. ಬಸ್ಸುಗಳು ಇವರನ್ನು ಕಂಡಲ್ಲೆಲ್ಲ ನಿಂತುಬಿಡುತ್ತಿದ್ದವು. ಹತ್ತುವುದಿಲ್ಲ ಅಂತ ಗೊತ್ತಾದ ಮೇಲೆ ಕಂಡಕ್ಟರು ಬಾಯಿಗೆ ಬಂದದ್ದು ಅನ್ನುತ್ತಿದ್ದ.

ಇನ್ನು ಅಂಗಿಯ ವಿಷಯ. ಎತ್ತಿದ ಕೈಗೆ ಹೊಂದುವ ಅಂಗಿಯನ್ನು ಕತ್ತರಿಸಲು ಬರುವುದು ನಮ್ಮ ಊರಿನಲ್ಲಿ ಒಬ್ಬನಿಗೇ. ಅವನಪ್ಪ ಕಲಿಸಿದ ಕಸುಬು. ಆ ವಾರ ಹನ್ನೊಂದು ಮಂದಿ ಹಿರಿಯರೂ ಒಬ್ಬರ ಹಿಂದೊಬ್ಬರು, ಕೈ ಎತ್ತಿಕೊಂಡು, ಅಮೋಸನ ಅಂಗಡಿಯ ಮುಂದೆ ನಿಂತರು. ನಾನು ಇವರ ಹಳೆಯ ಅಂಗಿಯ ತೋಳಿನ ಹೊಲಿಗೆ ಬಿಚ್ಚಿಸಿಕೊಂಡು ಬರಲು ಹೋಗಿದ್ದೆ. ಅವನು ಯಾರಿಗೂ ಇಲ್ಲ ಅನ್ನಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು, ಕಂಕುಳ ಅಳತೆ, ಮೊಣಕೈ ಅಳತೆ ತೆಗೆದುಕೊಳ್ಳುತ್ತಿದ್ದ. ಒಳಗೆ ಮೆಷಿನ್ನಿನ ಪಕ್ಕದಲ್ಲಿ ಸಿಲಾಸ್ ಗುಂಡಿ ಹಚ್ಚುತ್ತಾ ಕೂತಿದ್ದ. ಆರ್ಗನ್ ನುಡಿಸುವ ಸೇವೆ ನಿಂತು ನಾಲ್ಕು ದಿನವಾಗಿತ್ತು, ಬೀಗದ ಕೈಯನ್ನು ಗಮಲಿಯೇಲಪ್ಪನವರೇ ಬಂದು ಇಸಿದುಕೊಂಡು ಹೋಗಿದ್ದರು. ಆ ಹೊತ್ತಿಗೆ ಹಿರಿಯರ ಕೈಗಳು ಒಂದಿಷ್ಟು ಸಡಿಲವಾದವು, ಅಷ್ಟೇ. ಠರಾವಿನ ಮುಖ್ಯ ಭಾಗ ಭೋಜನದ ಮೇಜಿನದು.

ಗಮಲಿಯೇಲಪ್ಪನವರು, "ತೋಳು ಸ್ವಲ್ಪ ಸಡಿಲವಾಗಿರಲಿ ಕಣಪ್ಪಾ" ಅಂದರು.

"ಆಗ್ಲಿ ಹಿರಿಯರೇ. ಎಷ್ಟು ದಿನಕ್ಕೆ ಬೇಕು? ಎರಡೂವರೆ ತಿಂಗಳಿಗಾದ್ರೆ ಈ ಬಟ್ಟೆ ನಡೆಯುತ್ತೆ. ಜಾಸ್ತಿ ದಿನ ಅಂದ್ರೆ ಬಾಳಿಕೆ ಬರೋದು ಹಾಕ್ತೀನಿ" ಅಂದ ಅಮೋಸ್. ಮುಖ ಗಂಟಿಕ್ಕಿರಲಿಲ್ಲ, ನಗುವೂ ಇರಲಿಲ್ಲ. ಗಮಲಿಯೇಲಪ್ಪನವರ ಇಳಿಬಿದ್ದ ಎಡಗೈ ಜೇಬಿನಲ್ಲಿ ಏನನ್ನೋ ಹುಡುಕತೊಡಗಿತು.

ಕರ್ತನ ಭೋಜನ, ಅಂದರೆ ಮೇಜಿನ ಮುಂದೆ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು, ನಮ್ಮಲ್ಲಿ ವರ್ಷಕ್ಕೆ ನಾಲ್ಕೇ ಸಲ. ಮುಂದಿನದಕ್ಕೆ ಇನ್ನೂ ಎರಡೂವರೆ ತಿಂಗಳಿತ್ತು. ಆಗ ಹಿರಿಯರಿಗೆ ಒಂದು ಸಂಗತಿ ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು, ಆದರೆ ಇವರಿಗೆ ಯಾವುದು ಮೊದಲು ಹೊಳೆದಿದೆ? ಠರಾವಿನಲ್ಲಿರುವುದು ತಿರುಗಿಸಿ ಕಳಿಸತಕ್ಕದ್ದು ಅಂತ. ತಿರುಗಿಸಿ ಕಳಿಸಬೇಕಾದರೆ ಮೊದಲು ಅವರು ಬರಬೇಕು. ಬಾರದೆ ಮನೆಯಲ್ಲೇ ಕೂತುಬಿಟ್ಟರೆ ಠರಾವು ನಡೆದಂತಾಗದು, ಕೈ ಇಳಿಯದು.

ಆವತ್ತಿನಿಂದ ಆ ಎರಡು ಕೋಣೆಯ ಮೆಟ್ಟಿಲು ಸವೆಯತೊಡಗಿತು. ಬಾ ಮಗನೇ, ಒಂದು ಸಲ ಬಂದು ಮೊಣಕಾಲೂರು, ನಾವು ಇಲ್ಲ ಅಂತೀವಿ, ನೀನು ಎದ್ದು ಹೋಗು, ಎರಡು ನಿಮಿಷದ ಕೆಲಸ ಅಂತ ಒಬ್ಬರಾದ ಮೇಲೊಬ್ಬರು ಬೇಡಿಕೊಂಡರು. ಸೇಬು ತಂದುಕೊಟ್ಟರು, ಕೇಕು ತಂದುಕೊಟ್ಟರು. ಒಬ್ಬ ಮನುಷ್ಯನನ್ನು ಊಟದಿಂದ ಎಬ್ಬಿಸಲಿಕ್ಕೆ ಇಷ್ಟು ಮರ್ಯಾದೆಯಿಂದ ಊಟಕ್ಕೆ ಕರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಲಾಸ್ ಬರುವುದಿಲ್ಲ ಅಂದ. ಅಮೋಸ್ ಸೇಬುಗಳನ್ನು ಎದುರು ಮನೆಯ ಮಕ್ಕಳಿಗೆ ಹಂಚಿದ.

ಗಮಲಿಯೇಲಪ್ಪನವರ ಹೆಂಡತಿ ದೋರ್ಕಮ್ಮ ನಮ್ಮ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತಳು. ಇವಳೂ ನನ್ನ ಹಾಗೇ ಗುಂಡಿ ಹಾಕಿ, ತುತ್ತು ಹಾಕಿ, ಸ್ನಾನ ಮಾಡಿಸಿ ಸೋತವಳು. "ನೀನು ಹೇಳಿದ್ರೆ ಕೇಳ್ತಾನಕ್ಕಾ ನಿನ್ನ ಮಗ. ನಮ್ಮ ಗಂಡಸರ ಕೈ ನೋಡು" ಅಂದಳು. ನನಗೆ ಸಿಟ್ಟು ಬಂತು. ಆದರೆ ಇವರ ಕೈ ನಾನೂ ನೋಡಿದ್ದೆ. ಏಳನೆಯ ವಾರಕ್ಕೆ ಬೆರಳುಗಳು ತಣ್ಣಗಾಗಿ, ಉಗುರಿನ ಬುಡ ನೀಲಿಗಟ್ಟಿತ್ತು. ಭುಜದ ಕೀಲು ಬಾತು ಬೆಳಗಾಗುತ್ತಲೇ ನರಳಾಟ. ಬಿಸಿನೀರಿನ ಬಟ್ಟೆ ಒತ್ತುತ್ತಾ ಅನ್ನಬೇಕೆಂದು ಬಾಯಿಗೆ ಬಂದ ಮಾತುಗಳನ್ನೆಲ್ಲ ನುಂಗಿದೆ. ತಪ್ಪು ಮಾಡಿದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಹುದು. ಆದರೆ ತಪ್ಪು ಮಾಡಿದವರಿಗೆ ನೋವಾಗುತ್ತಿದ್ದರೆ ಹೆಂಡತಿಯಾದವಳು ಏನು ಮಾಡಬೇಕು ಅಂತ ಯಾವ ಬಿಷಪ್ಪರೂ ಸುತ್ತೋಲೆ ಕಳಿಸಿಲ್ಲ.

ಕೊನೆಗೆ ಒಂದು ದಿನ ಬಟ್ಟೆ ಒಣಹಾಕಿ, ಕೈ ಒರೆಸಿಕೊಂಡು, ಪೇಟೆ ಬೀದಿಗೆ ಹೋದೆ. ಕೇಳಲೆಂದೇ ಹೋದೆ. ಮೆಟ್ಟಿಲು ಹತ್ತುವಾಗ ಮಾತು ಜೋಡಿಸಿಕೊಂಡೆ. ಮೇಲೆ ಹೋಗಿ ಕೂತರೆ ಒಂದೂ ಬರಲಿಲ್ಲ. ಅಮೋಸ್ ಚಹಾ ಮಾಡಲು ಎದ್ದ. ಗೋಡೆಗೆ ಇವರ ಹೊಸ ಅಂಗಿ ನೇತುಹಾಕಿತ್ತು, ತೋಳು ಮೇಲಕ್ಕೆ ಚಾಚಿಕೊಂಡಿತ್ತು. ಭುಜಕ್ಕೆ ಒತ್ತದಿರಲೆಂದು ಒಳಗೆ ಹತ್ತಿಯ ಪಟ್ಟಿ ಇಟ್ಟು ಹೊಲಿದಿದ್ದ. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಸಿಲಾಸ್ ನನ್ನ ಮುಖ ನೋಡಿದ. "ಅಪ್ಪನ ಕೈ ಹೇಗಿದೆ?"

"ಇದೆ."

"ನೋವು?"

ಸುಳ್ಳು ಹೇಳಬೇಕಿತ್ತು. ಹೌದೆಂದು ತಲೆಯಾಡಿಸಿದೆ.

"ಬರ್ತೀನಿ ಅಮ್ಮಾ. ಎರಡು ನಿಮಿಷದ ಕೆಲಸ ಅಂತಾರಲ್ಲ. ಅಪ್ಪನ ಕೈ ಇಳಿಯಲಿ."

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಬೇರೆಯವರ ಕೈಗಳ ಬಗ್ಗೆ ಇಷ್ಟೆಲ್ಲ ಬರೆದ ಮೇಲೆ ನನ್ನ ನಾಲಿಗೆಯ ಬಗ್ಗೆಯೂ ಬರೆಯಬೇಕಲ್ಲ. ಅಮೋಸ್ ಚಹಾದ ಲೋಟ ಕೆಳಗಿಟ್ಟ. "ಅವನು ಹೋದ್ರೆ ನಾನೂ ಬರ್ತೀನಿ ಅಮ್ಮಾ. ಒಬ್ಬನನ್ನೇ ಎಬ್ಬಿಸೋದು ಬೇಡ" ಅಂದ. ಅಷ್ಟೇ ಅಂದದ್ದು.

ಇದನ್ನು ಬರೆಯುತ್ತಿರುವಾಗಲೇ ಕುಕ್ಕರ್ ಕೂಗಿತು. ಇಳಿಸಿ ಬಂದೆ.

ಭೋಜನದ ಭಾನುವಾರ ಬಿಷಪ್ಪರು ಮತ್ತೆ ಬಂದರು. ಕೈಗಳು ಇಳಿಯುವುದನ್ನು ತಾವೇ ನೋಡಬೇಕು ಅಂದಿದ್ದರಂತೆ. ಪಾತ್ರೆ ಹಿಡಿದು ದ್ರಾಕ್ಷಾರಸ ಕೊಡುವುದು ಹಿರಿಯರ ಸರದಿಯ ಕೆಲಸ. ಈ ಸಲ ಸರದಿ ನನ್ನವರದು. ನಮ್ಮ ಈಗಿನ ಪಾದ್ರಿ ಲೂಕ ಅಯ್ಯನವರು ಮೆದು ಮನುಷ್ಯ, ಸರದಿ ಬದಲಾಯಿಸೋಣವೇ ಅಂತ ಕೇಳಿದರು. ಬಿಷಪ್ಪರು ಬೇಡ ಅಂದರು. ತಂದೆಯೇ ಮಾಡಿದರೆ ಸಭೆಗೆ ಒಂದು ಪಾಠವಾಗುತ್ತದೆ, ಅಧಿಕಾರ ಅಂದರೆ ಮೊದಲು ತನ್ನ ಮನೆಯ ಮೇಲೆ ಅಂತ ಮೆಲ್ಲಗೆ, ನಗುತ್ತಾ ಅಂದರು.

ಅಲ್ಲೊಂದು ಪೇಚು ಬಂತು. ಒಬ್ಬರು ಕುಡಿದ ಮೇಲೆ ಪಾತ್ರೆಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಬೇಕು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಬಟ್ಟೆ. ಹನ್ನೊಂದು ಹಿರಿಯರಲ್ಲಿ ಎರಡು ಕೈ ಬಿಡುವಿರುವವರು ಒಬ್ಬರೂ ಇಲ್ಲ. ಹೀಗಾಗಿ ನನ್ನನ್ನು ಕರೆದರು. ನಮ್ಮ ಚರ್ಚಿನಲ್ಲಿ ಹೆಂಗಸೊಬ್ಬಳು ಕಟಕಟೆ ದಾಟಿ ಮೇಜಿನ ಹತ್ತಿರ ಹೋದದ್ದು ಅದೇ ಮೊದಲು. ಒರೆಸುವುದಕ್ಕೆ.

ಸಾಲುಸಾಲಾಗಿ ಜನ ಬಂದು ಮೊಣಕಾಲೂರಿ, ತೆಗೆದುಕೊಂಡು ಹೋದರು. ಬಿಷಪ್ಪರು ರೊಟ್ಟಿಯ ತಟ್ಟೆ ಹಿಡಿದು ಮುಂದೆ, ನನ್ನವರು ಎಡಗೈಯಲ್ಲಿ ಪಾತ್ರೆ ಹಿಡಿದು, ಬಲಗೈ ಮೇಲೆತ್ತಿಕೊಂಡು ಹಿಂದೆ, ಅವರ ಪಕ್ಕ ಬಟ್ಟೆ ಹಿಡಿದು ನಾನು. ಕೊನೆಯ ಸಾಲಿನ ಕೊನೆಯಲ್ಲಿ ಸಿಲಾಸ್ ಮತ್ತು ಅಮೋಸ್ ಬಂದು ಮೊಣಕಾಲೂರಿದರು. ಸಿಲಾಸ್ ಮದುವೆಗಳಿಗೆ ಹಾಕುತ್ತಿದ್ದ ಬೂದು ಕೋಟು ಹಾಕಿದ್ದ. ಆರ್ಗನ್ ಮುಚ್ಚಿತ್ತು.

ಬಿಷಪ್ಪರು ಅವರಿಬ್ಬರ ಮುಂದೆ ಬಂದು, ನಿಲ್ಲದೆ, ರೊಟ್ಟಿ ಕೊಡದೆ ದಾಟಿದರು.

ಹನ್ನೊಂದು ಕೈಗಳು ಅಲ್ಲಾಡಿದವು. ಬೆಂಚುಗಳಲ್ಲಿ ಕೂತಿದ್ದ ಹತ್ತು ಹಿರಿಯರ ಕೈಗಳು ಒಟ್ಟಿಗೇ ತೂಗುತ್ತಾ ಇಳಿದು ಭುಜದ ಮಟ್ಟಕ್ಕೆ ಬಂದು ನಿಂತವು. ಗಮಲಿಯೇಲಪ್ಪನವರು ಹಾ ಅಂದದ್ದು ಕೇಳಿಸಿತು. ಇವರ ಕೈಯೂ ನನ್ನ ಕಿವಿಯ ಪಕ್ಕದಲ್ಲೇ ಇಳಿದು ನಿಂತಿತು. ನೀಲಿ ಬೆರಳುಗಳಿಗೆ ರಕ್ತ ಬರುವುದನ್ನು ಕಣ್ಣಾರೆ ಕಂಡೆ. ಅರ್ಧ ಮುಗಿದಿತ್ತು. ಇನ್ನು ಪಾತ್ರೆ ಹಿಡಿದು ಎರಡು ಹೆಜ್ಜೆ ನಡೆದುಬಿಟ್ಟರೆ ಸಾಕು, ಎರಡೇ ಹೆಜ್ಜೆ. ದೇವರಾಣೆ, ನಡೆದುಬಿಡಲಿ ಅಂತ ನನಗೇ ಅನ್ನಿಸಿತು.

ಅವರು ಸಿಲಾಸನ ಮುಂದೆ ಬಂದು ನಿಂತರು. ನಿಂತೇ ಇದ್ದರು. ಸಿಲಾಸ್ ತಲೆ ಎತ್ತದೆ, ನಮ್ಮಿಬ್ಬರಿಗಷ್ಟೇ ಕೇಳುವಂತೆ ಅಂದ.

"ಅಪ್ಪಾ, ನೀವು ಮುಂದೆ ಹೋಗಿ."

ಇವರು ಹೋಗಲಿಲ್ಲ.

"ಹೋಗಿ ಅಪ್ಪಾ. ಕೈ ಇಳೀತಿದೆ."

ನನ್ನವರು ಪಾತ್ರೆಯನ್ನು ಮುಂದಕ್ಕೆ ಹಿಡಿದರು. ಹತ್ತು ವಾರ ದಿನಕ್ಕೆ ಮೂರು ಹೊತ್ತು ನಾನು ಅವರಿಗೆ ಹೇಳಿದ್ದ ಮಾತನ್ನೇ, ನನ್ನದೇ ಬೇಸರದ ದನಿಯಲ್ಲಿ, ಮಗನಿಗೆ ಹೇಳಿದರು.

"ಬಾಯಿ ತೆಗಿ."

ಸಿಲಾಸ್ ತೆಗೆದ. ನಾನು ಅಂಚು ಒರೆಸಿದೆ. ಆಮೇಲೆ ಅಮೋಸನ ಮುಂದೆ ಪಾತ್ರೆ ಹಿಡಿದರು. ಅವನು ಒಂದು ಕ್ಷಣ ಇವರನ್ನೇ ನೋಡಿದ. ಆರು ವರ್ಷದಲ್ಲಿ ಇವರು ಅವನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. "ನೀನೂ" ಅಂದರು. ಅವನೂ ಕುಡಿದ. ನಾನು ಮತ್ತೆ ಒರೆಸಿದೆ. ಅಷ್ಟರಲ್ಲಿ ಹನ್ನೊಂದು ಕೈಗಳೂ ಸರ್ರನೆ ಮೇಲಕ್ಕೆ ಹೋದವು. ಬೆಂಚುಗಳಿಂದ ಬಂದ ನರಳಾಟ ಇನ್ನೂ ನನ್ನ ಕಿವಿಯಲ್ಲಿದೆ. ಯಾರದೋ ಮೊಣಕೈ ತಗುಲಿ ದೋರ್ಕಮ್ಮನ ಸೆರಗಿನ ಪಿನ್ನು ಕಿತ್ತುಬಂತು. ಇವರ ಕೈ ಮೊದಲಿಗಿಂತ ಒಂದು ಗೇಣು ಎತ್ತರವೇ ಹೋದಂತೆ ಕಂಡಿತು.

ಆರಾಧನೆ ಮುಗಿದ ಕೂಡಲೇ ಬಿಷಪ್ಪರು ಹಿರಿಯರನ್ನು ಕೂರಿಸಿಕೊಂಡರು. ನಾನು ಅದೇ ಪಕ್ಕದ ಕೋಣೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಗು ಇರಲಿಲ್ಲ ಈಗ. ನನ್ನವರನ್ನು ಹಿರಿಯರ ಸ್ಥಾನದಿಂದ ತೆಗೆಯುವ ಠರಾವು ಮಂಡಿಸಿದರು. ಒಪ್ಪುವವರು ಕೈ ಎತ್ತಿ ಅಂದರು. ಹತ್ತು ಮಂದಿಯೂ ತಮ್ಮ ಎತ್ತಿದ ಬಲಗೈ ನೋಡಿಕೊಂಡರು. ಅದು ಈಗಾಗಲೇ ಬೇರೆ ಠರಾವಿಗೆ ಸಂದಿತ್ತು. ಆಮೇಲೆ ಎಡಗೈ ನೋಡಿಕೊಂಡರು. ಇವರ ಮೇಲೆ ಅವರಿಗೆಲ್ಲ ಕೊಲ್ಲುವಷ್ಟು ಸಿಟ್ಟಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಯಾರೂ ಅಲ್ಲಾಡಲಿಲ್ಲ.

"ಏನು, ಗಮಲಿಯೇಲಪ್ಪನವರೇ?" ಅಂದರು ಬಿಷಪ್ಪರು.

ಗಮಲಿಯೇಲಪ್ಪನವರು ಎದ್ದು ನಿಂತರು. "ಬಿಷಪ್ಪರೇ, ಬಲಗೈ ಕೆಲಸಾನ ನಮ್ಮ ಹೆಂಡತಿ ಮಾಡ್ತಾಳೆ. ಎಡಗೈ ಕೆಲಸ ಯಾರು ಮಾಡ್ತಾರೆ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬಿಷಪ್ಪರು ಕೆಂಪಗಾದರು. ವಿಧೇಯತೆ, ಶಿಸ್ತು, ಎಲ್ಲ ಊರುಗಳ ಚರ್ಚುಗಳೂ ಅಂತ ಮತ್ತೆ ಮೊದಲಿನಿಂದ ಶುರುಮಾಡಿದರು. ನಾನು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದೆ. ನನಗೆ ಮಾತಾಡುವ ಹಕ್ಕಿಲ್ಲ ಅಂತ ಗೊತ್ತು. ಹತ್ತು ವಾರದ ಗುಂಡಿಗಳು, ಹತ್ತು ವಾರದ ತುತ್ತುಗಳು ಗಂಟಲಿಗೆ ಬಂದಿದ್ದವು.

"ಬಿಷಪ್ಪರೇ, ಈ ಠರಾವಿಗೆ ಮೊದಲ ಕೈ ನೀವೇ ಎತ್ತಿ."

ಎಲ್ಲರೂ ಅವರ ಕೈಗಳನ್ನು ನೋಡಿದರು. ಹೊಟ್ಟೆಯ ಮೇಲೆ, ಒಂದರ ಮೇಲೊಂದು, ಬಲಗೈಗೆ ಉಂಗುರ. ಅವರೂ ನೋಡಿಕೊಂಡರು. ನೋಡಿಕೊಂಡಷ್ಟು ಹೊತ್ತು ಅವರ ಮೇಲೆ ನನಗೆ ಮರುಕವೂ ಬಂತು, ಎತ್ತುವುದು ಹೇಗೆ ಅಂತಲೇ ಅವರಿಗೆ ಮರೆತುಹೋಗಿತ್ತೇನೋ. ಮಧ್ಯಾಹ್ನ ಬೇರೆ ಊರಲ್ಲಿ ಕಾರ್ಯಕ್ರಮವಿದೆ, ಈ ವಿಷಯ ಕಾಗದದ ಮೂಲಕ ಮುಂದುವರಿಯಲಿ ಅಂದು ಎದ್ದರು. ಡ್ರೈವರ್ ಬಾಗಿಲು ತೆಗೆದ. ಕಾರು ಹೋಯಿತು. ಆವತ್ತು ಚಹಾ ಕುಡಿಯಲಿಲ್ಲ. ಮಾಡಿದ್ದೆಲ್ಲ ಮಿಕ್ಕಿತು.

ಇದೆಲ್ಲ ಆಗಿ ವರ್ಷವಾಗುತ್ತ ಬಂತು. ಕಾಗದಗಳು ಬರುತ್ತಲೇ ಇವೆ. ಕೈಗಳು ಹಾಗೇ ಇವೆ. ಠರಾವನ್ನು ರದ್ದು ಮಾಡಿದರೆ ಇಳಿಯುತ್ತದೋ ಏನೋ, ಆದರೆ ರದ್ದು ಮಾಡುವುದಕ್ಕೆ ಬಿಷಪ್ಪರ ಅಪ್ಪಣೆ ಬೇಕು, ಬಿಷಪ್ಪರಿಗೆ ಅವರ ಮೇಲಿನವರ ಅಪ್ಪಣೆ ಬೇಕು, ಅವರಿಗೆ ಇನ್ನಾರದೋ. ಆರ್ಗನ್ನಿಗೆ ಇನ್ನೂ ಬೀಗ ಇದೆ. ಭೋಜನಕ್ಕೆ ಸಿಲಾಸ್ ಮತ್ತು ಅಮೋಸ್ ಆಮೇಲೂ ಮೂರು ಸಲ ಬಂದರು. ಲೂಕ ಅಯ್ಯನವರು ರೊಟ್ಟಿಯ ತಟ್ಟೆಯನ್ನು ಅವರ ಮುಂದೆ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಯಾರು ತೆಗೆದುಕೊಂಡರೋ ಅವರಿಗೆ ತಿಳಿಯದಂತೆ. ಅಷ್ಟು ಧೈರ್ಯ ಅವರಿಗೆ ಸಾಕು ಅನ್ನಿಸುತ್ತದೆ. ಹಿರಿಯರಲ್ಲಿ ಆರು ಜನ ನಮ್ಮ ಮನೆಯವರೊಂದಿಗೆ ಮಾತು ಬಿಟ್ಟಿದ್ದಾರೆ. ಗಮಲಿಯೇಲಪ್ಪನವರು ಸಿಕ್ಕಿದಲ್ಲೆಲ್ಲ ಬಯ್ಯುತ್ತಾರೆ, ಬಯ್ದು ಮುಗಿದ ಮೇಲೆ ಭುಜಕ್ಕೆ ಯಾವ ಎಣ್ಣೆ ಹಚ್ಚುತ್ತೀ ಅಂತ ಕೇಳುತ್ತಾರೆ. ಒರೆಸುವ ಬಟ್ಟೆ ನನ್ನ ಹತ್ತಿರವೇ ಇದೆ. ಅದನ್ನು ವಾಪಸು ಕೇಳುವ ಠರಾವಿಗೆ ಕೈ ಎತ್ತುವವರಿಲ್ಲ.

ನನ್ನ ಗಂಡ ದೊಡ್ಡ ಮನುಷ್ಯರೇನೂ ಆಗಿಲ್ಲ. ಉಪ್ಪು ಕಡಿಮೆ ಅನ್ನುತ್ತಾರೆ, ಗುಂಡಿ ಬಿಗಿ ಅನ್ನುತ್ತಾರೆ. ನೀವೇ ಎತ್ತಿದ್ದು, ನೀವೇ ಅನುಭವಿಸಿ ಅನ್ನುತ್ತೇನೆ. ಅನ್ನುತ್ತಲೇ ಗುಂಡಿ ಸಡಿಲಿಸುತ್ತೇನೆ. ಮೊನ್ನೆ ಬಡಗಿಯನ್ನು ದಾರಿಯಲ್ಲಿ ನಿಲ್ಲಿಸಿ, ಕೈ ಸೇರಿಸಿಯೇ ಅಳತೆ ಬರೆದಿಟ್ಟುಕೋ ಅಂದರಂತೆ. ಹಾಗಂತ ಅವನೇ ಬಂದು ಹೇಳಿದ. ಮನೆಗೆ ಬಂದ ಇವರಿಗೆ ಆವತ್ತು ಚೆನ್ನಾಗಿ ಬಯ್ದೆ.

ಶನಿವಾರ ಮಧ್ಯಾಹ್ನ ಅವರಿಬ್ಬರೂ ಇಲ್ಲಿಗೇ ಊಟಕ್ಕೆ ಬರುತ್ತಾರೆ. ಡಬ್ಬಿ ಅಟ್ಟಕ್ಕೆ ಹೋಗಿದೆ. ಊಟವಾದ ಮೇಲೆ ಇವರ ಬಲಗೈಯ ಉಗುರು ಕತ್ತರಿಸುವ ಕೆಲಸ. ಸ್ಟೂಲಿನ ಒಂದು ಕಾಲು ಗಿಡ್ಡ, ನಾನು ಹತ್ತಿದರೆ ವಾಲುತ್ತದೆ. ಅಮೋಸ್ ನೆಲಕ್ಕೆ ಕೂತು ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತಾನೆ. ಇವರು ಅವನೊಂದಿಗೆ ಈಗಲೂ ಹೆಚ್ಚು ಮಾತಾಡುವುದಿಲ್ಲ. ಹೋದ ವಾರ ಮಾತ್ರ ಕೆಳಗೆ ನೋಡಿ, "ಏಯ್, ಗಟ್ಟಿಯಾಗಿ ಹಿಡ್ಕೋ. ಬಿದ್ಲು ಅಂದ್ರೆ ನಮ್ಮಿಬ್ಬರಿಗೂ ಅನ್ನ ಹಾಕೋರಿಲ್ಲ" ಅಂದರು.

ಅಮೋಸ್ ಗಟ್ಟಿಯಾಗಿ ಹಿಡಿದುಕೊಂಡ. ನಾನು ಕಿರುಬೆರಳಿನಿಂದ ಶುರುಮಾಡಿದೆ.